ಬಳೆಗೆ ಹಾಕಿದ ಕಾಲುಚೀಲ

ಎರಡೂ ಮುಂಗೈಗೆ ಕಾಲುಚೀಲ ಹಾಕಿಕೊಂಡು, ಹೆಂಗಸಿನ ದನಿ ತೆಗೆದು, ಲಕ್ವಾ ಹೊಡೆದಿದ್ದ ನನ್ನ ಸ್ವಂತ ಅಜ್ಜನನ್ನು ನೆಲಕ್ಕೆ ಕೆಡವಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ, ಇಷ್ಟೊತ್ತು ಶಾಣ್ಯಾನ ಹಾಗೆ ಮಾತಾಡಿದನಲ್ಲ ಈ ಹುಡುಗ ಅಂತ ನಿಮಗೆ ಸಿಟ್ಟು ಬಂದೀತು.

ಕಾಲುಚೀಲದ ಉಪಾಯ ನನ್ನದಲ್ಲ, ಅಕ್ಕನದು. ಅಜ್ಜನನ್ನು ನೋಡಿಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದವಳು. ನನ್ನ ಅವ್ವನಿಗಿಂತ ಏಳೆಂಟು ವರ್ಷ ಸಣ್ಣವಳಾದರೂ ಅವ್ವನಿಂದ ಹಿಡಿದು ಮೇಲಿನ ಮಹಡಿಯ ಕೊಂಕಣಿ ಮಾಮಿಯವರೆಗೆ ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು; ಎದುರು ಮಾತಾಡುವಾಗ ಅಪ್ಪನೊಬ್ಬ ಮಾತ್ರ ತಂಗಿ ಅನ್ನುತ್ತಿದ್ದ. ಕೈತುಂಬ ಹಸಿರು ಗಾಜಿನ ಬಳೆ. ಬೆಳಗ್ಗೆ ಬಂದವಳೇ ಚೀಲದಿಂದ ಎರಡು ಹಳೇ ಕಾಲುಚೀಲ ತೆಗೆಯುವಳು. ಪಾದದ ಭಾಗ ಕತ್ತರಿಸಿ ತೆಗೆದದ್ದು, ಮೇಲಿನ ಬಿಗಿ ಪಟ್ಟಿ ಮಾತ್ರ ಉಳಿಸಿಕೊಂಡದ್ದು. ಅದನ್ನು ಬಳೆಗಳ ಮೇಲೆ ಎಳೆದುಕೊಂಡ ಮೇಲೇ ಅಜ್ಜನನ್ನು ಮುಟ್ಟುವಳು. ಮೊದಲ ದಿನ ಅವ್ವ ಬಾಯಿ ಬಿಟ್ಟು ನೋಡಿದಳು.

"ಬಳಿ ತೆಗದ್ರ ನಮ್ಮತ್ತಿ ಬಿಡೂದಿಲ್ರೀ ವೈನಿ," ಅಂದಳು ಅಕ್ಕ. "ಬಳಿ ಹಾಕ್ಕೊಂಡ ಮುಟ್ಟಿದ್ರ ಅಜ್ಜಾರ ಚರ್ಮ ತಡಿಯೂದಿಲ್ಲ. ಹಿಂಗ ಮಾಡಿದ್ರ ಇಬ್ಬರೂ ಸುಮ್ಮನಿರ್ತಾರ."

ನಮ್ಮದು ವಾಸ್ಕೋದಲ್ಲಿ ಬಟ್ಟೆ ಅಂಗಡಿ. ಅಜ್ಜ ಹರೆಯದಲ್ಲಿ ಬೆಳಗಾವಿಯಿಂದ ಸೀರೆಯ ಗಂಟು ಹೊತ್ತು ಬಂದು ಹಾಕಿದ್ದು. ಈಗ ಅಪ್ಪ ಗಲ್ಲೆಯ ಮೇಲೆ ಕೂರುತ್ತಾನೆ, ನಾನು ಗಿರಾಕಿಗಳ ನಕಲು ಮಾಡುತ್ತೇನೆ. ಅದು ಕೆಲಸ ಅಲ್ಲ ಅಂತ ಅಪ್ಪ ಹೇಳುತ್ತಾನೆ, ಒಪ್ಪುತ್ತೇನೆ. ಆದರೆ ಮೀನು ಮಾರುವ ಹೆಂಗಸು, ಬಸ್ಸಿನ ಕಂಡಕ್ಟರ್, ಸೂರತ್ತಿನ ಸೇಲ್ಸ್‌ಮನ್, ಕಾಲೇಜಿನಲ್ಲಿ ನನ್ನನ್ನು ಎರಡು ಸಲ ನಪಾಸು ಮಾಡಿದ ಸರ್, ಯಾರನ್ನಾದರೂ ಒಂದು ಸಲ ನೋಡಿದರೆ ಸಾಕು, ಅವರ ದನಿ ನನ್ನ ಗಂಟಲಿಗೆ ಬಂದು ಕೂತುಬಿಡುತ್ತದೆ. ಓದಿದ್ದು ಒಂದೂ ಹಾಗೆ ಕೂತಿಲ್ಲ.

ಅಕ್ಕನದು ಮುದ್ದೇಬಿಹಾಳದ ಕಡೆ. ಗಂಡ ಮುರ್ಮುಗಾಂವ್ ಬಂದರಿನಲ್ಲಿ ಲೋಡಿಂಗ್ ಕೆಲಸ, ಹಡಗು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವಳು ಮೊದಲು ನಾಲ್ಕು ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅದರಲ್ಲಿ ಒಂದು ಮನೆಯ ಮುದುಕಿ ಹಾಸಿಗೆ ಹಿಡಿದಾಗ, "ಹೆಂಗೂ ಬರ್ತಿ, ಇದನ್ನೂ ನೋಡ್ಕೋ" ಅಂದರಂತೆ. ಹೇಗೆ ನೋಡಿಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ. ಆ ಅಜ್ಜಿ ಧಡೂತಿ ಹೆಂಗಸು. ಎರಡು ವರ್ಷ ಬಗ್ಗಿ ಬಗ್ಗಿ ಎತ್ತಿ ಅಕ್ಕನ ಸೊಂಟ ಹಿಡಿದುಹೋಯಿತು. ಕೊನೆಗೆ ಒಬ್ಬ ಫಿಸಿಯೋ ಹುಡುಗಿ ಆ ಮನೆಗೆ ಬಂದು, ಹೀಗಲ್ಲ ಹೀಗೆ, ಅಂತ ನಾಲ್ಕು ದಿನ ತೋರಿಸಿಕೊಟ್ಟಳು. ಅಷ್ಟೇ ಅವಳ ಓದು. ಆ ನಾಲ್ಕು ದಿನದ ಬಂಡವಾಳ ಇಟ್ಟುಕೊಂಡೇ ನಮ್ಮ ಮನೆಗೆ ಬಂದಿದ್ದಳು.

ಅವಳ ಕೆಲಸದ ರೀತಿ ಹೇಳುತ್ತೇನೆ. ಅಜ್ಜನ ಕೋಣೆಗೆ ಬಾಗಿಲಿರಲಿಲ್ಲ, ಪರದೆ ಇತ್ತು. ಪರದೆಗೆ ಬಡಿಯಲಿಕ್ಕೆ ಬರುವುದಿಲ್ಲವಲ್ಲ, ಅದಕ್ಕೆ ಒಳಗೆ ಬಂದು ಕಬ್ಬಿಣದ ಮಂಚದ ಸರಳಿಗೆ ಬೆರಳ ಗಿಣ್ಣಿನಿಂದ ಎರಡು ಸಲ ಟಕ್ ಟಕ್ ಅನ್ನಿಸುವಳು. ಅಜ್ಜ ಕಣ್ಣು ಬಿಟ್ಟು ನೋಡುವವರೆಗೂ ಕಾಯುವಳು. ಆಮೇಲೆ ಮಾಡುವುದನ್ನೆಲ್ಲ ಮೊದಲು ಬಾಯಲ್ಲಿ ಹೇಳುವಳು. "ಅಜ್ಜಾರ, ಎಡಗೈ ಎತ್ತಾಕತ್ತೇನ್ರೀ." "ಅಜ್ಜಾರ, ಮಗ್ಗಲಾ ಹೊಳ್ಳಸ್ತೇನ್ರೀ, ನೀವೂ ಸ್ವಲ್ಪ ಹೊಳ್ಳರಿ."

"ಅವರಿಗೆ ಏನ್ ತಿಳೀತದ ಅಕ್ಕಾ?" ಅಂದೆ ಒಂದು ದಿನ.

"ನಿನಗ ಬಿ.ಕಾಂ. ತಿಳೀಲಿಲ್ಲಂತ ಸರ್ ಪಾಠ ಬಿಟ್ಟಿದ್ರೇನ?" ಅಂದಳು.

ಅಜ್ಜನಿಗೆ ಎಲ್ಲ ತಿಳಿಯುತ್ತಿತ್ತು. ಲಕ್ವಾ ಅವನ ಎಡಭಾಗವನ್ನೂ ಮಾತನ್ನೂ ಒಯ್ದಿತ್ತು, ಒಂದೇ ಒಂದು ಶಬ್ದ ಬಿಟ್ಟು. ಅದು "ಖೋಡಿ", ಅಂದರೆ ಕಿಡಿಗೇಡಿ. ಜೀವಮಾನವಿಡೀ ನನ್ನನ್ನು ಬೈಯಲು ಬಳಸಿದ ಶಬ್ದ, ಬಹುಶಃ ಬಳಸಿ ಬಳಸಿ ಗಟ್ಟಿಯಾಗಿದ್ದಕ್ಕೇ ಉಳಿದಿರಬೇಕು. ನೀರು ಬೇಕಾದರೂ ಖೋಡಿ, ಫ್ಯಾನ್ ಹಾಕೆಂದರೂ ಖೋಡಿ, ಅವ್ವ ಮಾಡಿದ ಹೋಳಿಗೆ ಚಲೋ ಆಗಿದ್ದರೂ ಖೋಡಿ. ನಮಗೆ ಎಲ್ಲ ಒಂದೇ ಕೇಳುತ್ತಿತ್ತು. ಅಕ್ಕ ಅಡುಗೆಮನೆಯಲ್ಲಿ ಗಂಜಿ ಸೋಸುತ್ತಲೇ, "ತಮ್ಮಾ, ಅದು ನೀರಿನ ಖೋಡಿ, ಓಡು," ಅನ್ನುವಳು. ಓಡಿದರೆ ನೀರೇ ಆಗಿರುತ್ತಿತ್ತು.

ಸಂಡಾಸಕ್ಕೆ ಕೂರಿಸುವುದು ದೊಡ್ಡ ಕೆಲಸ. ಮಂಚದ ಪಕ್ಕ, ಅಜ್ಜನ ಬಲಗೈ ಕಡೆಗೆ ಕಮೋಡ್ ಕುರ್ಚಿ ಇಟ್ಟು, ಅವನ ಸೊಂಟಕ್ಕೆ ಹಳೇ ಸೀರೆಯ ಪಟ್ಟಿ ಸುತ್ತಿ, ಎದುರು ನಿಂತು ಹೇಳುವಳು: "ಅಜ್ಜಾರ, ಪಾದ ಹಿಂದ, ಮೂಗು ಮುಂದ. ಒಂದ... ಎರಡ... ಏಳ್ರೀ." ಅಂಗಡಿಯಲ್ಲಿ ಯಾರ ಮಾತನ್ನೂ ಕೇಳದ ನಮ್ಮ ಅಜ್ಜ, ಆ "ಏಳ್ರೀ"ಗೆ ಶಾಲೆಯ ಹುಡುಗನ ಹಾಗೆ ಎದ್ದು ನಿಲ್ಲುತ್ತಿದ್ದ. ಅಕ್ಕ ಅವನನ್ನು ಎತ್ತುತ್ತಿರಲಿಲ್ಲ, ಅವನೇ ಏಳುವ ಹಾಗೆ ಮಾಡುತ್ತಿದ್ದಳು.

ನಾನು ಪರದೆಯ ಬಳಿ ನಿಂತು ನೋಡುತ್ತಿದ್ದೆ. ಹತ್ತು ದಿನದಲ್ಲಿ ಪೂರ್ತಿ ಅಕ್ಕ ನನಗೆ ಬಂದುಬಿಟ್ಟಳು. ಟಕ್ ಟಕ್, ಆ ದನಿ, "ಎರಡ" ಮತ್ತು "ಏಳ್ರೀ" ನಡುವಿನ ಉಸಿರು, ಎಲ್ಲ. ಬೆಳಗಾವಿಯಿಂದ ಅತ್ತಿ, ಮಾಮಾ, ಅವರ ಮಕ್ಕಳು ಅಜ್ಜನನ್ನು ನೋಡಲು ಬಂದ ಭಾನುವಾರ ಅಪ್ಪನೇ ಹೇಳಿದ, "ಲೇ, ಅಕ್ಕನ್ನ ತೋರಿಸೋ." ನಾನು ನನ್ನ ಕಾಲುಚೀಲ ಬಿಚ್ಚಿ ಕೈಗೆ ಹಾಕಿಕೊಂಡು, ಸೋಫಾದ ಮೇಲಿದ್ದ ಮಾಮಾನನ್ನೇ ಅಜ್ಜ ಮಾಡಿ ತೋರಿಸಿದೆ. ಅತ್ತಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಗ ನೋಡಿದೆ, ಅಕ್ಕ ಬಿಸಿನೀರಿನ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

ಬೈಯಲಿಲ್ಲ. "ಚಲೋ ಮಾಡ್ತಿ ತಮ್ಮಾ," ಅಂದಳು. "ಒಂದು ಬಿಟ್ಟಿ ನೋಡು. ಎಬ್ಬಿಸಿ ಕುಂಡ್ರಿಸಿದ ಮ್ಯಾಲೆ ನಾ ಗ್ವಾಡಿ ಹಿಡ್ಕೊಂಡು ಸೊಂಟ ನೆಟ್ಟಗ ಮಾಡ್ಕೋತೇನಲಾ, ಅದನ್ನ ಹಾಕಲಿಲ್ಲ."

ಎಲ್ಲರೂ ಇನ್ನೊಮ್ಮೆ ನಕ್ಕರು. ನಾನೂ.

ಅದಾಗಿ ಒಂದು ವಾರಕ್ಕೆ ಅವಳು ಅಪ್ಪನ ಎದುರು ನಿಂತಳು. ಮಡಗಾಂವ್‌ನಲ್ಲಿ ನಿವೃತ್ತ ನರ್ಸ್ ಒಬ್ಬರು ಮನೆ ಆರೈಕೆಯ ಹೆಂಗಸರಿಗೆ ತರಗತಿ ನಡೆಸುತ್ತಾರೆ, ಎಂಟು ಶನಿವಾರ. ನುಂಗಲು ಬಾರದವರಿಗೆ ಉಣಿಸುವುದು, ಬೆನ್ನ ಮೇಲೆ ಹುಣ್ಣಾಗದ ಹಾಗೆ ನೋಡುವುದು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಸೊಂಟ ಉಳಿಸಿಕೊಂಡು ಎಬ್ಬಿಸುವುದು. ಮುಗಿದ ಮೇಲೆ ಒಂದು ಸರ್ಟಿಫಿಕೇಟ್. "ಆ ಎಂಟು ಶನಿವಾರ ಪಗಾರ ಹಿಡೀದಂಗ ರಜಾ ಕೊಡ್ರಿ ಸಾವ್ಕಾರ್ರ," ಅಂತ ಕೇಳಿದಳು. "ನಾ ಕಲ್ಯೂದು ಅಜ್ಜಾರಿಗೇ ಆಗ್ತೈತಿ. ಮತ್ತ ನನ್ನ ಸೊಂಟ ಇನ್ನೊಂದು ಸಲ ಹೋತಂದ್ರ ನಮ್ಮನಿಯಾಗ ಒಲಿ ಹೊತ್ತೂದಿಲ್ಲ."

ವಾರದಲ್ಲಿ ಏಳೂ ದಿನ ಬರುತ್ತಿದ್ದಳು ಅವಳು. ಅಪ್ಪ ಕೊಡುತ್ತಿದ್ದದ್ದು ಪಾತ್ರೆ ತಿಕ್ಕುವವರ ದರದ ಮೇಲೆ ಚೂರು ಹೆಚ್ಚು. ಅಪ್ಪ ಕೆಟ್ಟವನಲ್ಲ. ಯಾವ ದರ ಕೇಳಿದರೂ "ಸ್ವಲ್ಪ ಬಿಡ್ರಿ" ಅನ್ನದೆ ಮಾತು ಮುಗಿಸಲು ಬಾರದವನು ಅಷ್ಟೇ. ಡಾಕ್ಟರರ ಫೀಸಿಗೂ ಒಮ್ಮೆ ಅಂದಿದ್ದಾನೆ.

"ಇದಕ್ಕ ಕ್ಲಾಸ್ ಯಾಕ ತಂಗಿ?" ಅಂದ. "ನಮ್ಮ ಹುಡುಗ ಬರೇ ನೋಡಿ ಹತ್ತ ದಿನದಾಗ ಕಲ್ತಾನ. ಏನಲೇ?"

ಈಗ ನನ್ನ ಮೂರ್ಖತನದ ಮೊದಲ ಭಾಗ ಕೇಳಿ. "ಹೌದು, ನನಗ ಪೂರಾ ಬರ್ತದ," ಅಂದೆ. ಅಕ್ಕನ ದನಿಯಲ್ಲೇ ಅಂದೆ.

ಅವಳು ನನ್ನನ್ನು ಒಂದು ಸಲ ನೋಡಿದಳು. ನಕ್ಕಿದ್ದರೆ ಚಲೋ ಇತ್ತು. "ಹಂಗಾರ ಶನಿವಾರ ನಾ ಹೋಗ್ತೇನ್ರೀ," ಅಂತ ಅಪ್ಪನಿಗೆ ಹೇಳಿದಳು. "ಆ ದಿನದ ಪಗಾರ ಹಿಡಕೋರಿ. ತಮ್ಮಗ ಬರ್ತೈತಲ್ಲ, ನೋಡ್ಕೋಳ್ಳಿ. ಒಂದ ಮಾತು, ಸಂಡಾಸಕ್ಕ ಎಬ್ಬಿಸಬ್ಯಾಡ್ರಿ. ಬೆಡ್‌ಪ್ಯಾನ್ ಇಡ್ರಿ."

ಶನಿವಾರ ಮಧ್ಯಾಹ್ನ ಊಟವಾಗಿತ್ತು. ಅಪ್ಪ ಅಂಗಡಿಗೆ ಹೋಗಿದ್ದ, ಅವ್ವ ಅಡುಗೆಮನೆಯಲ್ಲಿದ್ದಳು. ಅಜ್ಜ "ಖೋಡಿ" ಅಂದ. ಯಾವ ಖೋಡಿ ಅಂತ ಆ ದಿನ ನನಗೂ ತಿಳಿಯಿತು. ಬೆಡ್‌ಪ್ಯಾನ್ ತೋರಿಸಿದೆ. ಮುಖ ತಿರುಗಿಸಿದ, ಅದು ಅವನಿಗೆ ಸೇರುತ್ತಿರಲಿಲ್ಲ. ಸರಿ, ಬರುತ್ತದಲ್ಲ ನನಗೆ. ಕಾಲುಚೀಲ ಕೈಗೆ ಹಾಕಿದೆ. ಟಕ್ ಟಕ್ ಮಾಡಿದೆ. ಅಜ್ಜನ ಮುಖ ಅರಳಿತು. ಕುರ್ಚಿ ಸರಿಯಾದ ಕಡೆ ಇಟ್ಟೆ, ಸೀರೆ ಪಟ್ಟಿ ಸುತ್ತಿದೆ, ಎದುರು ನಿಂತೆ. "ಅಜ್ಜಾರ, ಪಾದ ಹಿಂದ, ಮೂಗು ಮುಂದ. ಒಂದ... ಎರಡ... ಏಳ್ರೀ."

ಎದ್ದ. ಖರೇ ಎದ್ದುಬಿಟ್ಟ. ನನ್ನ ಜೀವನದ ಅತ್ಯುತ್ತಮ ಮಿಮಿಕ್ರಿ ಅದು. ಮುಂದಿನ ಕ್ಷಣ ಅವನ ಎಡ ಮೊಣಕಾಲು ಮಡಚಿಕೊಂಡಿತು. ನಾನು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆದೆ. ಸಿಕ್ಕಿದ್ದು ಅವನ ಎಡಗೈ, ಶಕ್ತಿ ಇಲ್ಲದ ಕೈ. ಅಜ್ಜ ನನ್ನ ಮೇಲೆ ಬಂದ, ನಾನು ಕುರ್ಚಿಯ ಮೇಲೆ ಬಿದ್ದೆ, ಕುರ್ಚಿ ಮಗುಚಿತು.

ಅವ್ವ ಓಡಿ ಬಂದಳು. ನನ್ನನ್ನು ಅಜ್ಜನ ಕೆಳಗಿನಿಂದ ಎಳೆದಳು, ಅಜ್ಜನನ್ನು ಎತ್ತಲು ಅವಳಿಗೂ ಆಗಲಿಲ್ಲ, ನನಗೆ ನೆಟ್ಟಗೆ ಕೂರಲೂ ಆಗಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಅತ್ತಕಡೆ ತರಗತಿಯ ಗದ್ದಲ ಒಮ್ಮೆಲೇ ನಿಂತಿತು.

"ಎತ್ತಬ್ಯಾಡ್ರಿ ವೈನಿ. ಯಾರೂ ಕೈ ಹಿಡದ ಎಳೀಬ್ಯಾಡ್ರಿ. ತಲಿಗೆ ಪೆಟ್ಟಾಗೇತೇನ ನೋಡ್ರಿ. ಇಲ್ಲಾ? ಎಚ್ಚರ ಅದಾರಲ್ಲ? ತಲಿದಿಂಬ ಕೊಡ್ರಿ, ಚಾದರ ಹೊಚ್ಚರಿ, ಎಡಗೈ ದಿಂಬಿನ ಮ್ಯಾಲೆ ಇಡ್ರಿ. ಡಾಕ್ಟರಿಗೆ ಫೋನ್ ಹಚ್ಚರಿ. ನಾ ಬಸ್ ಹತ್ತಾಕತ್ತೇನಿ."

ಮಡಗಾಂವ್‌ನಿಂದ ವಾಸ್ಕೋಗೆ ಬಸ್ಸಿನಲ್ಲಿ ಒಂದು ತಾಸಿನ ಮೇಲೆ. ಅಷ್ಟು ಹೊತ್ತು ನಾನೂ ಅಜ್ಜನೂ ನೆಲದ ಮೇಲೆ ಅಕ್ಕಪಕ್ಕ ಮಲಗಿದ್ದೆವು. ನನ್ನ ಸೊಂಟ ಹೊರಳಲು ಬಿಡುತ್ತಿರಲಿಲ್ಲ. ಆಗಬೇಕಾದದ್ದು ಬಟ್ಟೆಯಲ್ಲೇ ಆಗಿಹೋಗಿತ್ತು, ಅವ್ವ ಅಳುತ್ತ ಒರೆಸಿದಳು. ಅಜ್ಜ ತಲೆ ಹೊರಳಿಸಿ ನನ್ನನ್ನೂ, ನನ್ನ ಕೈಯ ಕಾಲುಚೀಲವನ್ನೂ ನಿಧಾನಕ್ಕೆ ನೋಡಿ "ಖೋಡಿ" ಅಂದ. ಲಕ್ವಾ ಹೊಡೆದ ಮೇಲೆ ಆ ಶಬ್ದವನ್ನು ಅದರ ಅರ್ಥಕ್ಕೇ ಬಳಸಿದ್ದು ಅದೇ ಮೊದಲು.

ಅಕ್ಕ ಬಂದಳು. ಡಾಕ್ಟರ್ ಇನ್ನೂ ಬಂದಿರಲಿಲ್ಲ. ಚೀಲ ಇಟ್ಟು, ಅಜ್ಜನ ಪಕ್ಕ ಕೂತು, ಅವನು ಮಂಚದ ಮೇಲಿಲ್ಲವಲ್ಲ, ನೆಲದ ಫರಸಿಯ ಮೇಲೆ ಬೆರಳಿನಿಂದ ಎರಡು ಸಲ ಬಡಿದಳು. ಟಕ್ ಟಕ್. "ಅಜ್ಜಾರ, ನಾನ್ರೀ. ಖರೇ ನಾನ್ರೀ." ಅಜ್ಜನ ಕಣ್ಣಲ್ಲಿ ನೀರು ಬಂತು. ಎಲ್ಲಿ ನೋವು ಅಂತ ಮುಟ್ಟಿ ಮುಟ್ಟಿ ಕೇಳಿದಳು. ಎಡ ಭುಜಕ್ಕೆ ಬಂದಾಗ ಅವನು ಹಲ್ಲು ಕಚ್ಚಿದ.

ಡಾಕ್ಟರ್ ನೋಡಿ, ಎಲುಬು ಮುರಿದಿಲ್ಲ, ಭುಜ ಎಳೆದುಹೋಗಿದೆ ಅಂತ ಕೈಯನ್ನು ಕುತ್ತಿಗೆಗೆ ತೂಗುಹಾಕುವ ಜೋಳಿಗೆ ಪಟ್ಟಿ ಹಾಕಿದರು. ಅದು ಆರು ವಾರ ಇತ್ತು. ಆ ಆರು ವಾರ ಅಜ್ಜ ಏಳಲಿಲ್ಲ, ಅವನಿಗೆ ಸೇರದ ಆ ಬೆಡ್‌ಪ್ಯಾನೇ ಗತಿಯಾಯಿತು. ನನಗೆ ನೋವಿನ ಗುಳಿಗೆ ಕೊಟ್ಟರು. ಗುಳಿಗೆ ಸೊಂಟಕ್ಕೆ ಮಾತ್ರ ಕೆಲಸ ಮಾಡಿತು.

"ಎಲ್ಲಾ ನಿನ್ನಂಗ ಮಾಡಿದ್ನಲ್ಲ ಅಕ್ಕಾ," ಅಂದೆ ಆ ಸಂಜೆ. ಅಳು ಬರುವುದೊಂದು ಬಾಕಿ.

ಅವಳು ಸೀರೆಯ ನಿರಿಗೆಯನ್ನು ಸ್ವಲ್ಪ ಮೇಲೆತ್ತಿದಳು. ತನ್ನ ಪಾದವನ್ನು ಅಜ್ಜನ ಎಡ ಪಾದಕ್ಕೆ ಹೇಗೆ ಅಡ್ಡ ಇಡುತ್ತಾಳೆ, ತನ್ನ ಮೊಣಕಾಲನ್ನು ಅವನ ಎಡ ಮೊಣಕಾಲಿಗೆ ಹೇಗೆ ಒತ್ತಿ ಹಿಡಿಯುತ್ತಾಳೆ, ತೋರಿಸಿದಳು. ಇಡೀ ಮನುಷ್ಯ ನಿಲ್ಲುತ್ತಿದ್ದದ್ದು ಆ ಮೊಣಕಾಲಿನ ಮೇಲೆ. ನಾನು ಪರದೆಯ ಬಳಿಯಿಂದ ನೋಡಿದ್ದು ಸೀರೆಯನ್ನು. ಕೆಲಸ ಸೀರೆಯೊಳಗೆ ನಡೆಯುತ್ತಿತ್ತು. ಹತ್ತು ದಿನ ನೋಡಿದ್ದೇನೆ ನಾನು, ಒಂದು ದಿನವೂ ಕೇಳಿರಲಿಲ್ಲ.

ಅಜ್ಜ ಆಮೇಲೆ ಒಂದೂವರೆ ವರ್ಷ ಬದುಕಿದ. ಭುಜ ಸರಿಹೋದ ಮೇಲೆ ಮತ್ತೆ ಎದ್ದ, ಬಾಲ್ಕನಿಯವರೆಗೆ ನಾಲ್ಕು ಹೆಜ್ಜೆ ನಡೆದ. ಹೋದದ್ದು ತನ್ನ ಹಾಸಿಗೆಯಲ್ಲೇ, ಬೆಳಗಿನ ಹೊತ್ತು, ಗಂಜಿ ಕುಡಿದ ಮೇಲೆ. ಸ್ನಾನ ಮಾಡಿಸಲು ಬಂದ ಹಿರಿಯರೊಬ್ಬರು ಹೆಣ ಹೊರಳಿಸಿ ನೋಡಿ, "ಇಷ್ಟ ದಿವಸ ಮಲಗಿದ ಮನಿಷಾನ ಬೆನ್ನ ಮ್ಯಾಲೆ ಒಂದ ಗಾಯ ಇಲ್ಲಲ್ಲೋ!" ಅಂದರು. ಅಪ್ಪ ಪರದೆಯ ಬಳಿ ನಿಂತಿದ್ದ ಅಕ್ಕನನ್ನು ನೋಡಿದ. ಹೆಣಕ್ಕೆ ಅವರು ಕೈ ಹಚ್ಚುವ ಮೊದಲು ಅವಳು ಮಂಚದ ಸರಳಿಗೆ ಎರಡು ಸಲ ಬಡಿದಿದ್ದಳು. ಅಭ್ಯಾಸಬಲ ಇರಬೇಕು.

ಅವಳು ಈಗ ಕುಂಕಳ್ಳಿಯಲ್ಲಿ ಒಬ್ಬ ರಿಟೈರ್ಡ್ ಟೀಚರಮ್ಮನನ್ನು ನೋಡಿಕೊಳ್ಳುತ್ತಾಳೆ. ವಾರಕ್ಕೊಂದು ರಜೆ, ತಿಂಗಳ ಮೊದಲ ದಿನವೇ ಪಗಾರ. ಆ ಮನೆಯವರ ಜೊತೆ ಮಾತಾಡುವಾಗ ಸರ್ಟಿಫಿಕೇಟನ್ನು ಮೇಜಿನ ಮೇಲೆ ಇಟ್ಟೇ ಮಾತಾಡಿದಳಂತೆ. ಶನಿವಾರ ಮಧ್ಯಾಹ್ನ ಅದೇ ಮಡಗಾಂವ್ ತರಗತಿಯಲ್ಲಿ ನರ್ಸಮ್ಮನ ಜೊತೆ ನಿಂತು ಕನ್ನಡದ ಹೆಂಗಸರಿಗೆ ಹೇಳಿಕೊಡುತ್ತಾಳೆ. ಅಲ್ಲಿ ಒಬ್ಬ ರೋಗಿ ಬೇಕಾಗುತ್ತಾನೆ, ಹಾಸಿಗೆಯ ಮೇಲೆ ಮಲಗಿ ಎಬ್ಬಿಸಿಕೊಳ್ಳಲು. ಆ ರೋಗಿ ನಾನು. ಎಡಭಾಗ ಬಿದ್ದವನು, ಒದೆಯುವ ಅಜ್ಜಿ, ಎದ್ದ ತಕ್ಷಣ ಕೂದಲು ಹಿಡಿಯುವವರು, ನುಂಗದೆ ಬಾಯಲ್ಲೇ ಇಟ್ಟುಕೊಳ್ಳುವವರು, ಎಲ್ಲರೂ ನನ್ನಲ್ಲಿದ್ದಾರೆ. "ಇವನಷ್ಟು ಕೆಟ್ಟ ಪೇಶಂಟ್ ನಿಮಗ ಎಲ್ಲೂ ಸಿಗೂದಿಲ್ಲ. ಇವನ್ನ ಎಬ್ಬಿಸಿದ್ರ ಊರನ್ನ ಎಬ್ಬಿಸ್ತೀರಿ," ಅಂತ ಅಕ್ಕ ಪರಿಚಯ ಮಾಡಿಸುತ್ತಾಳೆ. ಹೊಸಬಳು ಯಾರಾದರೂ ಮೊಣಕಾಲು ಕೊಡುವುದನ್ನು ಮರೆತರೆ ನಾನು ಬೇಕಂತಲೇ ಬೀಳುತ್ತೇನೆ. ಅಲ್ಲಿ ಕೆಳಗೆ ಗಾದಿ ಹಾಸಿರುತ್ತಾರೆ. ಅಕ್ಕನ ಋಣ ನಾನು ತೀರಿಸುತ್ತಿರುವುದು ಹೀಗೆ, ವಾರಕ್ಕೆ ಐದಾರು ಸಲ ಬಿದ್ದು.

ಆದರೆ ನಮ್ಮ ಮನೆಯಲ್ಲಿ ಅವಳ ರಜೆ, ಪಗಾರದ ಮಾತು ಮುಗಿದದ್ದು ಹೇಗೆ ಅಂತ ಹೇಳದೆ ಬಿಟ್ಟರೆ ಅಪ್ಪನಿಗೆ ಅನ್ಯಾಯ ಮಾಡಿದಂತೆ. ಅಜ್ಜ ಬಿದ್ದ ಮರುದಿನ, ಭಾನುವಾರ ಬೆಳಗ್ಗೆ. ಅಪ್ಪ ಬರೀ ಬನಿಯನ್‌ನಲ್ಲಿ ಚಹಾ ಹಿಡಿದು ಕೂತಿದ್ದ, ನಾನು ಸೋಫಾದ ಮೇಲೆ ಬೋರಲು ಮಲಗಿದ್ದೆ. ಅಪ್ಪ ಹೆದರಿದ್ದ, ಹೆದರಿದವನು ತಿರುಗಾಮುರುಗಾ ಮಾತಾಡಿದ.

"ನೋಡು ತಂಗಿ, ನೀ ಒಂದಿನ ಇಲ್ಲಂದ್ರ ಹಿಂಗಾತು. ಇನ್ನ ಮ್ಯಾಲೆ ಒಂದಿನಾನೂ ಬಿಡಬ್ಯಾಡ."

"ನಾ ಒಂದಿನ ಇಲ್ಲಂದ್ರ ಹಿಂಗಾಗ್ತೈತಿ ಅಂದ್ರ, ಅದು ಯಾರಿಗರ ಬರೂ ಕೆಲಸ ಅಲ್ಲಂತಾತಲ್ರೀ," ಅಂದಳು ಅಕ್ಕ. ದನಿ ಏರಿಸಲಿಲ್ಲ. "ಹಂಗಾರ ಪಾತ್ರಿ ತಿಕ್ಕೂ ಪಗಾರ ಯಾಕ್ರೀ? ಶನಿವಾರ ಕ್ಲಾಸಿಗೆ ಹೋಗ್ತೇನಿ, ಪಗಾರ ಹಿಡೀಬಾರ್ದು. ಕ್ಲಾಸ್ ಮುಗದ ಮ್ಯಾಲೂ ವಾರಕ್ಕ ಒಂದಿನ ರಜಾ ಬೇಕು. ಆ ದಿನಕ್ಕ ವೈನಿಗೂ ತಮ್ಮಗೂ ನಾ ಕಲಸ್ತೇನಿ. ಇಲ್ಲಂದ್ರ ಅಜ್ಜಾರ ಭುಜ ನೆಟ್ಟಗಾಗೂತನಕ ಇದ್ದು, ಆಮ್ಯಾಲೆ ಬ್ಯಾರೆ ಮನಿ ನೋಡ್ಕೋತೇನಿ."

ಅವ್ವ ಅಡುಗೆಮನೆಯಿಂದಲೇ, "ನಾ ಕಲೀತೇನಿ," ಅಂದಳು. ನಾನು ಸೋಫಾದಿಂದ ಕೈ ಎತ್ತಿದೆ. ಒಳಗಿನಿಂದ ಅಜ್ಜ "ಖೋಡಿ" ಅಂದ. ಅದು ನೀರಿನದಲ್ಲ ಅಂತ ಅಪ್ಪನಿಗೂ ತಿಳಿಯಿತು.

ಅಪ್ಪ ಒಂದೊಂದಾಗಿ ಒಪ್ಪಿದ. ತರಗತಿಗೆ ಹೂಂ, ರಜೆಗೆ ಹೂಂ, ಕೊನೆಗೆ ಪಗಾರ ಏರಿಸುವುದಕ್ಕೂ ಹೂಂ. ಚಹಾ ಮುಗಿಯಿತು. ಮಾತೂ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಲವತ್ತು ವರ್ಷ ಅಂಗಡಿಯಲ್ಲಿ ಕೂತ ನಾಲಗೆ, ಕೊನೆಯ ಮಾತು ಆಡದೆ ಇರಲು ಬಿಡಬೇಕಲ್ಲ.

"ಎಲ್ಲಾ ಆತು ಬಿಡು," ಅಂದ. "ಆದ್ರ ತಂಗಿ, ಹುಡುಗ ನಿನ್ನ ದನಿ ತೆಗದ ಕೂಡ್ಲೇ ನಮ್ಮಪ್ಪ ಎದ್ದಂತೂ ನಿಂತಾನ ಹೌದಿಲ್ಲೋ? ಅರ್ಧಾ ಕೆಲಸ ಇವಗೂ ಬರ್ತದ ಅಂದಂಗಾತು. ಅದಕ್ಕರ ಒಂದ ಸ್ವಲ್ಪ ಬಿಡು."

ಅಕ್ಕ ಬಳೆಗಳ ಮೇಲೆ ಕಾಲುಚೀಲ ಎಳೆದುಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

"ದನಿ ಪುಕ್ಕಟ ಇಟ್ಕೋರಿ ಸಾವ್ಕಾರ್ರ. ನಾ ಪಗಾರ ಕೇಳಿದ್ದು ಮೊಣಕಾಲಿಗೆ."